ಚಕಮಕಿಯ ಕಿಡಿ ಯಾರದು?

"ಸದನದಲ್ಲಿ ಮಾತಿನ ಚಕಮಕಿ" ಅನ್ನೋ ತಲೆಬರಹ ನೀವು ಎಷ್ಟು ಸಲ ಓದಿಲ್ಲ, ಹೇಳಿ? ಹೈದರಾಬಾದಿನಲ್ಲಿ ಮಕ್ಕಳಿಗೆ ಕನ್ನಡ ಪತ್ರಿಕೆ ಓದಿಸುವಾಗ ಒಬ್ಬ ಹುಡುಗ ಕೇಳಿದ: "ಟೀಚರ್, ಚಕಮಕಿ ಅಂದ್ರೆ ಜಗಳಾನಾ?" ಪಕ್ಕದ ಹುಡುಗಿ ಅವನಿಗೆ, "ಅದು ನಿಮ್ಮ ಉರ್ದು ಪದ, ನಮ್ಮದಲ್ಲ" ಅಂದುಬಿಟ್ಟಳು. ಇಬ್ಬರಿಗೂ ಉತ್ತರ ಹೇಳೋಕೆ ನನಗೆ ಒಂದು ಇಡೀ ಪೀರಿಯಡ್ ಬೇಕಾಯಿತು.

ಚಕಮಕಿ ಮೂಲದಲ್ಲಿ ಜಗಳವಲ್ಲ, ಬೆಂಕಿ ಹೊತ್ತಿಸುವ ಸಾಧನ. ಒಂದು ಬೆಣಚುಕಲ್ಲು, ಒಂದು ಉಕ್ಕಿನ ತುಂಡು, ಕಿಡಿ ಹಿಡಿಯಲು ಚೂರು ಕರಕಲು ಹತ್ತಿಬಟ್ಟೆ, ಇಷ್ಟೇ. ಕಲ್ಲಿನ ಚೂಪು ಅಂಚಿಗೆ ಉಕ್ಕನ್ನು ಸವರಿ ಹೊಡೆದರೆ ಕಿಡಿ ಹಾರುತ್ತದೆ. ಅದು ಕಲ್ಲಿನ ಕಿಡಿ ಅಂತ ನಾವು ಅಂದುಕೊಳ್ಳುತ್ತೇವೆ. ಅಲ್ಲ! ಕಲ್ಲು ಉಕ್ಕಿನಿಂದ ಸಣ್ಣ ಚೂರು ಕೆರೆದು ತೆಗೆಯುತ್ತದೆ, ಆ ಚೂರು ಗಾಳಿಯಲ್ಲಿ ಉರಿಯುತ್ತದೆ. ಮೆದು ಕಬ್ಬಿಣ ಸಾಲದು. ಇಂಗಾಲ ಹೆಚ್ಚಿರುವ, ಕಾಯಿಸಿ ನೀರಿಗೆ ಅದ್ದಿ ಗಟ್ಟಿ ಮಾಡಿದ ಉಕ್ಕು ಬೇಕು. ಉಕ್ಕಿಗೆ ಈ ನಾಡು ಹೆಸರುವಾಸಿ. ನಿಜಾಮಾಬಾದ್ ಕಡೆಯ ಕೋನಸಮುದ್ರಂ ಉಕ್ಕನ್ನು ಕೊಳ್ಳಲು ಪರ್ಷಿಯಾದ ವ್ಯಾಪಾರಿಗಳು ಬರುತ್ತಿದ್ದರು.

ಪದವೂ ದೂರದಿಂದಲೇ ಬಂದದ್ದು. ತುರ್ಕಿ ಭಾಷೆಯ 'ಚಕ್‌ಮಕ್' ಫಾರಸಿ, ಉರ್ದುವಿನಲ್ಲಿ 'ಚಕ್ಮಾಕ್' ಆಯಿತು, ತೆಲುಗಿನಲ್ಲಿ 'ಚೆಕುಮುಕಿ', ಕನ್ನಡದಲ್ಲಿ ಚಕಮಕಿ. ತುರ್ಕಿಯಲ್ಲಿ ಇವತ್ತಿಗೂ ಸಿಗರೇಟ್ ಲೈಟರಿಗೆ ಅದೇ ಹೆಸರು. ಗೋಲ್ಕೊಂಡ ಆಳಿದ ಕುತುಬ್ ಶಾಹಿಗಳು ತುರ್ಕಮಾನ್ ಮೂಲದವರು. ಅಂಥ ದಖನಿನಲ್ಲಿ ಈ ಪದ ಒಲೆಯ ಮುಂದಕ್ಕೂ ಬಂತು, ಸಿಪಾಯಿಯ ಕೈಗೂ ಬಂತು. ಅಬಿಡ್ಸ್ ಹತ್ತಿರದ ಗನ್‌ಫೌಂಡ್ರಿ ನೀವು ನೋಡಿರಬಹುದು. ಎರಡನೇ ನಿಜಾಮರ ಕಾಲದಲ್ಲಿ, 1795ರ ಸುಮಾರಿಗೆ, ಫ್ರೆಂಚ್ ಸೇನಾಧಿಕಾರಿ ರೇಮೊಂ ಸ್ಥಾಪಿಸಿದ 'ತೋಪ್ ಕಾ ಸಾಂಚಾ' ಅದು. ಆ ಕಾಲದ ಬಂದೂಕಿನ ಕುದುರೆ ಕಚ್ಚಿಕೊಂಡಿರುತ್ತಿದ್ದದ್ದು ಚಕಮಕಿ ಕಲ್ಲನ್ನೇ.

1827ರಲ್ಲಿ ಇಂಗ್ಲೆಂಡಿನ ಜಾನ್ ವಾಕರ್ ಉಜ್ಜಿ ಹಚ್ಚುವ ಕಡ್ಡಿ ಮಾರತೊಡಗಿದ. ಆಮೇಲೆ ಸ್ವೀಡನ್ನಿನ ಬೆಂಕಿಪೆಟ್ಟಿಗೆ, 1920ರ ದಶಕದಿಂದ ಶಿವಕಾಶಿಯದು. ಕಲ್ಲು ಜನರ ಚೀಲದಿಂದ ಜಾರಿಹೋಯಿತು, ನಮ್ಮ ಪತ್ರಿಕೆಗಳಲ್ಲಿ ಜಗಳ ಮಾತ್ರ ಉಳಿಯಿತು. ಆದರೆ ನೋಡಿ, ತೆಲುಗಿನಲ್ಲಿ ಜನ ವಿಜ್ಞಾನ ವೇದಿಕೆ ಮಕ್ಕಳ ವಿಜ್ಞಾನ ಪತ್ರಿಕೆಗೆ 'ಚೆಕುಮುಕಿ' ಅಂತಲೇ ಹೆಸರಿಟ್ಟಿದೆ. ಭೋಪಾಲದ ಏಕಲವ್ಯ ಸಂಸ್ಥೆ 1985ರಲ್ಲಿ ಶುರು ಮಾಡಿದ ಹಿಂದಿ ಪತ್ರಿಕೆಯ ಹೆಸರೂ 'ಚಕ್ಮಕ್'.

ಈಗ ಬೆಟ್ಟ ಹತ್ತುವ ಹುಡುಗರು ಫೆರೋ ರಾಡ್ ಕೊಳ್ಳುತ್ತಾರೆ. ಅದೂ ಅದೇ ಕೆರೆದು ಕಿಡಿ ತೆಗೆಯುವ ವಿದ್ಯೆ. (ಬೇಸಿಗೆಯ ಒಣಹುಲ್ಲಿನ ಹತ್ತಿರ ಮಾತ್ರ ಬೇಡ!)

ಮರುದಿನ ತರಗತಿಗೆ ಒಂದು ಹಳೆಯ ಅರ, ಒಂದು ಬೆಣಚುಕಲ್ಲು ಒಯ್ದೆ. ಕಲ್ಲನ್ನು ಆ ಹುಡುಗನಿಗೆ, ಅರವನ್ನು ಆ ಹುಡುಗಿಗೆ ಕೊಟ್ಟೆ. ಏಳೆಂಟು ಏಟಿಗೆ ಕಿಡಿ ಹಾರಿತು. "ಈಗ ಹೇಳಿ, ಕಿಡಿ ಯಾರದು?" ಅಂದೆ. ಇಬ್ಬರೂ ಒಟ್ಟಿಗೆ "ನಂದು" ಅಂದರು. ತರಗತಿಯಲ್ಲಿ ಅವತ್ತು ನಿಜವಾದ ಚಕಮಕಿ ನಡೆಯಿತು.