ಗೋದಲಿ ಸಂಗ್ರಹ

ಯೇಸುವಿನ ಜನನದ ದೃಶ್ಯವನ್ನು ಗೊಂಬೆಗಳಲ್ಲಿ ಕಟ್ಟಿ ತೋರಿಸುವುದೇ ಗೋದಲಿ. ಕ್ರಿಸ್‌ಮಸ್ ಹೊತ್ತಿಗೆ ಕರ್ನಾಟಕದ ಚರ್ಚುಗಳಲ್ಲೂ ಕ್ರೈಸ್ತರ ಮನೆಗಳಲ್ಲೂ ಇದನ್ನು ಕಾಣಬಹುದು. ನಾನಾ ದೇಶಗಳ ಗೋದಲಿಗಳನ್ನು ಕೂಡಿಡುವ ಹವ್ಯಾಸ ಇಂದು ಹಲವೆಡೆ ಇದೆ. ಶಿಶು, ತಾಯಿ, ಜೋಸೆಫ್ ಎಲ್ಲ ಕಡೆಯೂ ಇದ್ದೇ ಇರುತ್ತಾರೆ. ಸಂಗ್ರಾಹಕರ ಕಣ್ಣು ಹೆಚ್ಚಾಗಿ ಹೋಗುವುದು ಅವರ ಸುತ್ತ ನೆರೆದ ಊರ ಜನರ ಮೇಲೆ.

ಅಸಿಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಹುಲ್ಲು ತುಂಬಿದ ಮೇವಿನ ತೊಟ್ಟಿ, ಜೀವಂತ ಎತ್ತು ಮತ್ತು ಕತ್ತೆಗಳನ್ನಿಟ್ಟು ಪೂಜೆ ನಡೆಸಿದ್ದು ಈ ಪರಂಪರೆಯ ಮೂಲವೆಂದು ಪ್ರಸಿದ್ಧ. ಎತ್ತು–ಕತ್ತೆಗಳ ಪ್ರಸ್ತಾಪ ಸುವಾರ್ತೆಗಳ ಜನನ ಕಥನದಲ್ಲಿ ಇಲ್ಲವೇ ಇಲ್ಲ. ಯೆಶಾಯನ ಪ್ರವಾದನೆಯಿಂದ ಬಂದು ಸೇರಿಕೊಂಡ ಅವನ್ನು ಈಗ ಯಾರೂ ಬಿಟ್ಟುಕೊಡಲಾರರು.

ಈ ಕಲೆ ಉತ್ತುಂಗಕ್ಕೇರಿದ್ದು 18ನೇ ಶತಮಾನದ ನೇಪಲ್ಸ್‌ನಲ್ಲಿ. ಸುಟ್ಟ ಮಣ್ಣಿನ ತಲೆ, ಮರದ ಕೈಕಾಲು, ತಂತಿಗೆ ನಾರು ಸುತ್ತಿದ ಮೈ, ಮೇಲೆ ರೇಷ್ಮೆಯ ಉಡುಪು. ಹೀಗೆ ಮಾಡಿದ ಗೊಂಬೆಯನ್ನು ಬೇಕಾದಂತೆ ಬಾಗಿಸಿ ನಿಲ್ಲಿಸಬಹುದಿತ್ತು. ಬೋರ್ಬನ್ ವಂಶದ ದೊರೆ ಚಾರ್ಲ್ಸ್‌ಗೆ ಇದರ ಹುಚ್ಚು ಹಿಡಿದದ್ದೇ ತಡ, ಶ್ರೀಮಂತರೂ ಪೈಪೋಟಿಗಿಳಿದರು. ಮೀನು ಮಾರುವವರು, ಹೋಟೆಲಿನವರು, ಭಿಕ್ಷುಕರು ಎಲ್ಲರೂ ಬೆತ್ಲೆಹೇಮಿಗೆ ಬಂದು, ಕೆಲವು ದೃಶ್ಯಗಳಲ್ಲಿ ಶಿಶುವನ್ನು ಹುಡುಕಿ ನೋಡಬೇಕಾಯಿತು. ನಾಟಕಕಾರ ಮಿಕೆಲೆ ಕುಚಿನಿಯೆಲ್ಲೊ ಕೊಟ್ಟ ಸಂಗ್ರಹ 1879ರಿಂದ ನೇಪಲ್ಸ್‌ನ ಸ್ಯಾನ್ ಮಾರ್ಟಿನೊ ವಸ್ತುಸಂಗ್ರಹಾಲಯದಲ್ಲಿದೆ. ಮ್ಯೂನಿಕ್‌ನ ಬ್ಯಾಂಕರ್ ಮ್ಯಾಕ್ಸ್ ಶ್ಮೆಡರರ್ ಆಲ್ಪ್ಸ್ ಪ್ರದೇಶ ಮತ್ತು ಇಟಲಿಯಿಂದ ಕೂಡಿಹಾಕಿದ್ದು ಬವೇರಿಯಾದ ರಾಷ್ಟ್ರೀಯ ವಸ್ತುಸಂಗ್ರಹಾಲಯ ಸೇರಿತು. ಕಲೆಯ ದೃಷ್ಟಿಯಿಂದ ಇದಕ್ಕೆ ಸಾಟಿಯಾದವು ಕಡಿಮೆ.

ನಿಷೇಧವೂ ಈ ಕಲೆಯನ್ನು ಬೆಳೆಸಿದ್ದುಂಟು. ಫ್ರೆಂಚ್ ಕ್ರಾಂತಿಯಲ್ಲಿ ಚರ್ಚುಗಳು ಮುಚ್ಚಿದಾಗ ಮಾರ್ಸೆಯ ಶಿಲ್ಪಿ ಜ್ಯಾನ್ ಲೂಯಿ ಲಾನ್ಯೆಲ್ (1764–1822) ಅಚ್ಚಿನಲ್ಲಿ ಒತ್ತಿದ ಅಗ್ಗದ ಮಣ್ಣಿನ ಗೊಂಬೆಗಳು ಮನೆಮನೆ ಸೇರಿದವು. ‘ಸಾಂತೋನ್’ ಎಂಬ ಈ ಗೊಂಬೆಗಳ ಜಾತ್ರೆ ಅಲ್ಲಿ 1803ರಿಂದ ನಡೆದುಬಂದಿದೆ. ದಸರಾ ಗೊಂಬೆಗಳಂತೆ ಇವನ್ನೂ ವರ್ಷಕ್ಕೊಂದೆರಡು ಕೊಂಡು ಕೂಡಿಸುತ್ತ ಹೋಗುವವರಿದ್ದಾರೆ.

ಪೋಲೆಂಡಿನ ಕ್ರಾಕೋವ್ ನಗರದ ‘ಶೋಪ್ಕಾ’ದಲ್ಲಿ ಕೊಟ್ಟಿಗೆಯೇ ಕಾಣದು, ಊರಿನ ಗೋಪುರಗಳನ್ನು ಹೋಲುವ, ಬಣ್ಣದ ತಗಡುಕಾಗದ ಹೊದ್ದ ಅರಮನೆಯೊಳಗೆ ಯೇಸು ಹುಟ್ಟುತ್ತಾನೆ. ಚಳಿಗಾಲದಲ್ಲಿ ಕೆಲಸವಿಲ್ಲದ ಗಾರೆಯವರು ಇವನ್ನು ಕಟ್ಟುತ್ತಿದ್ದರು. 1937ರಲ್ಲಿ ಸ್ಪರ್ಧೆ ಆರಂಭವಾಯಿತು, 2018ರಲ್ಲಿ ಯುನೆಸ್ಕೊ ಮಾನ್ಯತೆ ಬಂತು.

ಅಮೆರಿಕದ ಸಾಂಟಾ ಫೆಯ ಅಂತರರಾಷ್ಟ್ರೀಯ ಜಾನಪದ ಕಲಾ ವಸ್ತುಸಂಗ್ರಹಾಲಯಕ್ಕೆ ವಿನ್ಯಾಸಕಾರ ಅಲೆಕ್ಸಾಂಡರ್ ಗಿರಾರ್ಡ್ ದಂಪತಿ 1978ರಲ್ಲಿ ಕೊಟ್ಟ ಒಂದು ಲಕ್ಷಕ್ಕೂ ಹೆಚ್ಚಿನ ವಸ್ತುಗಳಲ್ಲಿ ಗೋದಲಿಗಳೂ ಸಾಕಷ್ಟಿವೆ.

ಕೊಳ್ಳುವವರ ರುಚಿ ಕಸುಬನ್ನೇ ತಿರುಗಿಸಿದ ಉದಾಹರಣೆ ಪೆರುವಿನದು. ಅಯಾಕುಚೊದ ಹೋಆಕಿನ್ ಲೋಪೆಸ್ ಅಂತಾಯ್, ಬಾಗಿಲುಳ್ಳ ಮರದ ಪೆಟ್ಟಿಗೆಯಲ್ಲಿ ದನಕರು ಕಾಯುವ ಸಂತರನ್ನು ಕೂರಿಸುತ್ತಿದ್ದವರು. 1940ರ ದಶಕದಲ್ಲಿ ಚಿತ್ರಕಲಾವಿದೆ, ಸಂಗ್ರಾಹಕಿ ಅಲಿಸಿಯಾ ಬುಸ್ತಾಮಾಂತೆ ಅವರ ಒತ್ತಾಸೆಯಿಂದ ಅದೇ ಪೆಟ್ಟಿಗೆಗೆ ಊರ ಬದುಕು, ಹಬ್ಬಗಳ ದೃಶ್ಯಗಳನ್ನು ತಂದರು. ಇಂದು ಲೋಕದ ಸಂಗ್ರಹಗಳಲ್ಲಿ ಕಾಣುವ ಅಯಾಕುಚೊದ ಪೆಟ್ಟಿಗೆ ಗೋದಲಿಗಳು ಈ ತಿರುವಿನ ನಂತರದವೇ ಹೆಚ್ಚು. 1975ರಲ್ಲಿ ಅಂತಾಯ್‌ಗೆ ರಾಷ್ಟ್ರೀಯ ಕಲಾ ಪ್ರಶಸ್ತಿ ಸಂದಾಗ, ಕುಶಲಕರ್ಮಿಗೆ ಕಲೆಯ ಪ್ರಶಸ್ತಿಯೇ ಎಂದು ರಾಜಧಾನಿಯ ಕಲಾವಿದರು ಪ್ರತಿಭಟಿಸಿದರು.