ಕಳ್ಳಿಬೇಲಿಯಿಂದ ಮುಳ್ಳುತಂತಿಗೆ



ನಮ್ಮ ಸೀಮೆಗೆ ಮುಳ್ಳುತಂತಿ ಹೊಸದು, ಮುಳ್ಳು ಹೊಸದಲ್ಲ. 1791ರ ಡಿಸೆಂಬರ್‌ನಲ್ಲಿ ಕಾರ್ನ್‌ವಾಲಿಸನ ಸೈನ್ಯ ಮಾಗಡಿಯ ಸಾವನದುರ್ಗವನ್ನು ಮುತ್ತಿದಾಗ ಅದಕ್ಕೆ ಮೊದಲು ಎದುರಾದದ್ದು ಕೋಟೆಗೋಡೆಯಲ್ಲ. ಬೆಟ್ಟವನ್ನು ಬಳಸಿದ್ದ ಬಿದಿರು ಮತ್ತು ಮುಳ್ಳುಗಿಡಗಳ ದಟ್ಟ ಕಾಡು. ಫಿರಂಗಿಗಳನ್ನು ಸಾಗಿಸಲು ದಾರಿಯನ್ನೇ ಕಡಿಯಬೇಕಾಯಿತು. ಶ್ರೀರಂಗಪಟ್ಟಣಕ್ಕೂ ಕೋಟೆಯಾಚೆ ಅಂಥದೇ ಮುಳ್ಳುಬೇಲಿಯ ರಕ್ಷಣೆಯಿತ್ತು.

ಹಳ್ಳಿಗಳಲ್ಲಿ ಹೊಲದ ಕಾವಲಿಗೆ ಕಳ್ಳಿ, ಕತ್ತಾಳೆ, ಲಕ್ಕಿ, ಕಾರೆಗಿಡಗಳಿದ್ದವು. ಕತ್ತಾಳೆಯಿಂದ ಹಗ್ಗ, ಲಕ್ಕಿಯಿಂದ ಮದ್ದು, ಹಬ್ಬಿದ ತೊಂಡೆಯಿಂದ ಪಲ್ಯ. ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಎಂಬ ಗಾದೆಯೂ ಆ ಬೇಲಿಯದೇ ಕೊಡುಗೆ.

ತಂತಿ ಹುಟ್ಟಿದ್ದು ದೂರದ ಅಮೆರಿಕದಲ್ಲಿ. ಮರವೂ ಕಲ್ಲೂ ವಿರಳವಾದ ಅಲ್ಲಿನ ಹುಲ್ಲುಗಾವಲಿನಲ್ಲಿ ದನಗಳನ್ನು ತಡೆಯಬೇಕಿತ್ತು. ಜೋಸೆಫ್ ಗ್ಲಿಡನ್ ಎಂಬ ರೈತ, ಮುಳ್ಳುಗಳು ಜಾರದಂತೆ ಎರಡು ತಂತಿಗಳನ್ನು ಹೆಣೆಯುವ ಉಪಾಯಕ್ಕೆ 1874ರಲ್ಲಿ ಪೇಟೆಂಟ್ ಪಡೆದನು. ದನಕ್ಕೆಂದು ಮಾಡಿದ್ದು ಬೇಗನೆ ಮನುಷ್ಯನಿಗೂ ಬಂದಿತು. 1899ರಿಂದ 1902ರವರೆಗಿನ ಬೋಯರ್ ಯುದ್ಧದಲ್ಲಿ ಆಂಗ್ಲರು ದಕ್ಷಿಣ ಆಫ್ರಿಕದ ಬಯಲಿಗೇ ತಂತಿ ಎಳೆದರು. ಆ ಯುದ್ಧದ ಸೆರೆಯಾಳುಗಳಲ್ಲಿ ಕೆಲವರು ನಮ್ಮ ಬಳ್ಳಾರಿಯ ಶಿಬಿರಕ್ಕೂ ಬಂದರು. ಮೊದಲ ಮಹಾಯುದ್ಧದ ಕಂದಕಗಳ ಮುಂದೆ ಈ ತಂತಿಗೆ ಸಿಲುಕಿ ಮಡಿದವರು ಅಸಂಖ್ಯ.

ಇಂದು ರಾಮನಗರ, ಚನ್ನಪಟ್ಟಣ, ಕನಕಪುರದ ಕಡೆ ಹೊರಟರೆ ಕಲ್ಲುಕಂಬ, ತಂತಿಗಳ ಸಾಲು ಕಣ್ಣಿಗೆ ಬೀಳುತ್ತದೆ. ಕಾಡಿನಿಂದಿಳಿಯುವ ಆನೆಗಳನ್ನು ಅದು ತಡೆಯಲಾರದು. ಅದಕ್ಕಾಗಿಯೇ ಸೌರವಿದ್ಯುತ್ ಬೇಲಿ, ರೈಲು ಕಂಬಿಗಳ ತಡೆ ಬಂದವು. ಹಾಗಾದರೆ ತಂತಿ ತಡೆಯುವುದು ಯಾರನ್ನು? ದನ ಕಾಯುವವರನ್ನು, ಸೌದೆ ಹೊತ್ತು ಬರುವವರನ್ನು, ಕೆರೆಗೆ ಹೋಗುವವರನ್ನು.

ಗಿಡದ ಬೇಲಿ ಬೆಳೆಯಲು ವರ್ಷಗಳು ಬೇಕು. ಅಷ್ಟರಲ್ಲಿ ನೆರೆಯವರು ಜಗಳವಾಡಿ, ಪಂಚಾಯಿತಿ ಸೇರಿಸಿ, ಓಡಾಡಲು ಒಂದು ಕಂಡಿ ಬಿಡಿಸಿಕೊಳ್ಳುತ್ತಿದ್ದರು. ತಂತಿಗೆ ಒಂದು ದಿನ ಸಾಕು. ಹಣವಿದ್ದವನು ಬೆಳಿಗ್ಗೆ ಕಂಬ ನೆಟ್ಟರೆ, ತಲೆಮಾರುಗಳು ನಡೆದ ಕಾಲುದಾರಿ ಸಂಜೆಗೆ ಮುಚ್ಚಿರುತ್ತದೆ. ಅದರ ನಿಜವಾದ ಶಕ್ತಿ ಮುಳ್ಳಿನಲ್ಲಿಲ್ಲ, ಈ ಆತುರದಲ್ಲಿದೆ.

ಬೆಳೆಯನ್ನು ಕಾಯುವುದು ರೈತನ ಹಕ್ಕು, ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ಊರಿನಲ್ಲಿ ಜಮೀನು ಕೊಂಡಿರುವ ನನ್ನ ವಿದ್ಯಾರ್ಥಿಗಳಿಗೆ ಒಂದು ಮಾತು: ಕಂಬ ನೆಡುವ ಮುನ್ನ ಗ್ರಾಮ ನಕ್ಷೆಯನ್ನು ತರಿಸಿ ನೋಡಿ. ಅದರಲ್ಲಿ ಬಂಡಿದಾರಿ, ಕಾಲುದಾರಿಗಳ ಗುರುತಿರುತ್ತದೆ. ನಕ್ಷೆಯಲ್ಲಿ ಕಾಣದ ದಾರಿಯನ್ನು ಊರಿನ ಹಿರಿಯರನ್ನು ಕೇಳಿ ತಿಳಿಯಿರಿ. ಅಲ್ಲಿ ಒಂದು ಕಂಡಿ ಬಿಡಿ.