ಹಳಿ ದಾಟುವವನು ಯಾರು?

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿತು. ಮುಂದೆ ಮುಂಬೈ ಹಳಿಗಳ ಎರಡೂ ಬದಿಗೆ ಬೆಳೆಯಿತು. ಗಿರಣಿ ಒಂದು ಕಡೆಯಾದರೆ ಚಾಳು ಇನ್ನೊಂದು ಕಡೆ. ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಮುಟ್ಟಬೇಕಾದವರಿಗೆ ಹಳಿಯೇ ಕಾಲುದಾರಿಯಾಯಿತು. ಕಾನೂನಿನ ಕಣ್ಣಲ್ಲಿ ಇವರು ಅತಿಕ್ರಮಿಗಳು: 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ನಿನಲ್ಲಿ ಆರು ತಿಂಗಳವರೆಗೆ ಸಜೆ, ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಉಂಟು. ಆ ಪದ ಕೇಳಿದೊಡನೆ ನಮಗೆ ಹುಡುಗಾಟದ ಪಡ್ಡೆಗಳ ನೆನಪಾಗುತ್ತದೆ. ಆದರೆ ಹಳಿಗೆ ಹೆಚ್ಚು ಬಲಿಯಾಗುವವನು ದುಡಿಯುವ ವಯಸ್ಸಿನ ಗಂಡಸು, ಅದೇ ಜಾಗದಲ್ಲಿ ದಿನಾ ದಾಟುವವನು. ರೈಲ್ವೆ ಸುರಕ್ಷತೆ ಕುರಿತ ಅನಿಲ್ ಕಾಕೋಡ್ಕರ್ ಸಮಿತಿ 2012ರಲ್ಲಿ ಕೊಟ್ಟ ಲೆಕ್ಕದಂತೆ ದೇಶದಲ್ಲಿ ವರ್ಷಕ್ಕೆ ಸುಮಾರು 15,000 ಜನ ಹೀಗೆ ಸಾಯುತ್ತಿದ್ದರು. ಅವರಲ್ಲಿ ಸುಮಾರು 6,000 ಮಂದಿ ಮುಂಬೈ ಉಪನಗರ ಮಾರ್ಗಗಳಲ್ಲೇ. ಇಷ್ಟು ಸಾವನ್ನು ಹುಡುಗಾಟವೊಂದರ ತಲೆಗೆ ಕಟ್ಟಲಾಗದು.

ದಿನಾ ದಾಟುವವನಿಗೆ ಅಪಾಯ ಗೊತ್ತಿಲ್ಲವೇ, ಮೇಲ್ಸೇತುವೆ ಇದ್ದೂ ಹಳಿಗಿಳಿಯುವುದು ಅವನದೇ ತಪ್ಪಲ್ಲವೇ ಎಂದು ಕೇಳುವವರಿದ್ದಾರೆ. ಗೊತ್ತಿದೆ, ನಿಜ, ಆದರೆ ಕಣ್ಣು ಕಿವಿಗಳೇ ಅವನಿಗೆ ಮೋಸ ಮಾಡುತ್ತವೆ. ಉಗಿಬಂಡಿ ಹೊಗೆ ಕಾರುತ್ತ, ಏದುಸಿರು ಬಿಡುತ್ತ ತಾನು ಬರುವುದನ್ನು ದೂರದಿಂದಲೇ ಸಾರುತ್ತಿತ್ತು. 1925ರ ಫೆಬ್ರವರಿ 3ರಂದು ದೇಶದ ಮೊದಲ ವಿದ್ಯುತ್ ರೈಲು ವಿಕ್ಟೋರಿಯಾ ಟರ್ಮಿನಸ್‌ನಿಂದ ಹಾರ್ಬರ್ ಮಾರ್ಗವಾಗಿ ಕುರ್ಲಾಕ್ಕೆ ಓಡಿದ ಮೇಲೆ ಆ ಸದ್ದು ತಗ್ಗುತ್ತ ಬಂತು, ರೈಲುಗಳ ಸಂಖ್ಯೆ ಏರುತ್ತ ಹೋಯಿತು. ಅದೇ ಮಾರ್ಗದ ವಡಾಲಾದಲ್ಲಿ 2010ರಲ್ಲಿ ಒಂದು ಪ್ರಯೋಗ ನಡೆಯಿತು. ದೊಡ್ಡ ವಸ್ತು ಎದುರಿನಿಂದ ಬರುವಾಗ ಅದರ ವೇಗ ನಮಗೆ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಅದಕ್ಕೆಂದು ಕೆಲವು ಸ್ಲೀಪರ್‌ಗಳಿಗೆ ಹಳದಿ ಬಣ್ಣ ಬಳಿದರು. ಒಂದೊಂದೇ ಪಟ್ಟೆ ರೈಲಿನಡಿ ಮರೆಯಾಗುವುದನ್ನು ಕಂಡಾಗ ವೇಗದ ಅಂದಾಜು ಸಿಗಲೆಂದು. ಒಂದೇ ಉದ್ದ ಶಿಳ್ಳೆಯ ಬದಲು ಎರಡು ಮೊಟುಕು ಶಿಳ್ಳೆ ಹಾಕಿಸಿದರು. ಅಲ್ಲಿ ಸಾವು ಇಳಿಯಿತು. ದಂಡದ ಭಯದಿಂದ ಆಗದ್ದು ಬಣ್ಣದಿಂದ ಆಯಿತೆಂದರೆ, ರೋಗ ಬರಿಯ ಉಡಾಫೆಯಲ್ಲ.

ಬಣ್ಣಕ್ಕೂ ಮಿತಿಯಿದೆ. ಬೇರೆ ದಾರಿಯೇ ಇಲ್ಲದವನಿಗೆ ಅದೇನು ಮಾಡೀತು? 2020ರ ಲಾಕ್‌ಡೌನಿನಲ್ಲಿ ಜಾಲ್ನಾದಿಂದ ಭುಸಾವಳದ ಕಡೆ ಹಳಿ ಹಿಡಿದು ನಡೆದ ಮಧ್ಯಪ್ರದೇಶದ ಕೂಲಿಕಾರರು ಹಳಿ ದಾಟಲೆಂದು ಹೋದವರಲ್ಲ, ಊರು ಸೇರಲು ಹೊರಟವರು. ರೈಲೇ ಓಡುತ್ತಿಲ್ಲವೆಂದು ನಂಬಿ, ದಣಿದು, ಔರಂಗಾಬಾದಿನ ಹತ್ತಿರದ ಕರ್ಮಾಡ್ ಬಳಿ ಹಳಿಯ ಮೇಲೆಯೇ ನಿದ್ದೆಹೋದರು. ಮೇ 8ರ ನಸುಕಿನಲ್ಲಿ ಗೂಡ್ಸ್ ರೈಲು ಹದಿನಾರು ಜನರ ಮೇಲೆ ಹರಿಯಿತು. ಬೆಳಕು ಹರಿದಾಗ ಹಳಿಗಳ ನಡುವೆ ಅವರು ದಾರಿಗೆಂದು ಕಟ್ಟಿಕೊಂಡಿದ್ದ ರೊಟ್ಟಿಗಳು ಚೆಲ್ಲಿಬಿದ್ದಿದ್ದವು.